ಹಳೆಯ ಬೈಕಿನ ಮೋಹ: ಕೊಳ್ಳುವ ಮುನ್ನ ಕಾಗದ ನೋಡಿ, ಆಮೇಲೆ ಎಂಜಿನ್

ಬೆಂಗಳೂರು: ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ಹಳೆಯ ಮನೆಗಳು ಒಂದೊಂದಾಗಿ ನೆಲಕ್ಕುರುಳಿ ಬಹುಮಹಡಿ ಕಟ್ಟಡಗಳಾಗುತ್ತಿವೆ. ಮನೆ ಕೆಡವುವ ಮುನ್ನ ಸಾಮಾನು ಸಾಗಿಸುವಾಗ ಮೆಟ್ಟಿಲ ಕೆಳಗಿನ ಮೂಲೆಯಲ್ಲಿ ಧೂಳು ಹಿಡಿದು ನಿಂತ ಜಾವಾ, ಯೆಜ್ಡಿ, ಬುಲೆಟ್ ಅಥವಾ ಆರ್‌ಎಕ್ಸ್ 100 ಬೈಕಿನ ಪ್ರಶ್ನೆ ಏಳುತ್ತದೆ. ಗುಜರಿಗೆ ಹಾಕುವುದೇ, ಮಾರುವುದೇ ಅಥವಾ ದುರಸ್ತಿ ಮಾಡಿಸಿ ಓಡಿಸುವುದೇ? ಅಂಥ ಬೈಕನ್ನು ಕೊಳ್ಳಲು ಹೊರಟವರ ಮುಂದೆಯೂ ಇದೇ ಗೊಂದಲ. ‘ಸ್ವಲ್ಪ ಕೆಲಸ ಇದೆ ಅಷ್ಟೇ’ ಎಂಬ ಮಾರಾಟಗಾರನ ಮಾತನ್ನು ನಂಬಿ ಹಣ ತೆತ್ತವರು, ಬಳಿಕ ಎಂಜಿನ್ನಿಗಿಂತ ಹೆಚ್ಚಾಗಿ ಕಾಗದಪತ್ರಗಳಿಗಾಗಿ ಅಲೆದಾಡಬೇಕಾಗುತ್ತದೆ.

ಮೈಸೂರಿನ ನಂಟು

ಹಳೆಯ ಬೈಕುಗಳ ಮೇಲಿನ ಕನ್ನಡಿಗರ ಅಭಿಮಾನಕ್ಕೆ ಕಾರಣವಿದೆ. 1960ರಲ್ಲಿ ಸ್ಥಾಪನೆಯಾದ ಐಡಿಯಲ್ ಜಾವಾ ಕಂಪನಿಯ ಕಾರ್ಖಾನೆ ಇದ್ದುದು ಮೈಸೂರಿನ ಯಾದವಗಿರಿಯಲ್ಲಿ. ಝೆಕೊಸ್ಲೊವಾಕಿಯಾದ ಜಾವಾ ತಂತ್ರಜ್ಞಾನ ಪಡೆದು ಆರಂಭವಾದ ಉತ್ಪಾದನೆ, 70ರ ದಶಕದಲ್ಲಿ ಯೆಜ್ಡಿ ಎಂಬ ಹೆಸರಿನಲ್ಲಿ ಮುಂದುವರಿಯಿತು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್, ಕಿಕ್ಕರ್ ಆಗಿಯೂ ಗೇರ್ ಲಿವರ್ ಆಗಿಯೂ ಕೆಲಸ ಮಾಡುವ ಒಂದೇ ಪೆಡಲು ಇದರ ಗುರುತು. ಕಾರ್ಖಾನೆ 1996ರಲ್ಲಿ ಮುಚ್ಚಿತು. 1985ರಲ್ಲಿ ಬಂದ ಯಮಹಾ ಆರ್‌ಎಕ್ಸ್ 100 ಬೈಕಿನ ಉತ್ಪಾದನೆಯೂ ಅದೇ 1996ರಲ್ಲಿ ನಿಂತಿತು.

2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರು ಮತ್ತೆ ಮಾರುಕಟ್ಟೆಗೆ ಬಂದಿದ್ದರೂ ಅವು ಫೋರ್ ಸ್ಟ್ರೋಕ್ ಎಂಜಿನ್ನಿನ ಬೇರೆಯೇ ವಾಹನಗಳು. ಅವುಗಳ ಬಿಡಿಭಾಗ ಹಳೆಯ ಟು ಸ್ಟ್ರೋಕ್ ಎಂಜಿನ್ನಿಗೆ ಹೊಂದುವುದಿಲ್ಲ. ಹೆಸರು ಒಂದೇ ಎಂದು ಭಾವಿಸಿ ‘ಶೋರೂಮಿನಲ್ಲೇ ಪಾರ್ಟ್ಸ್ ಸಿಗುತ್ತದೆ’ ಎಂದುಕೊಳ್ಳುವುದು ತಪ್ಪು ಲೆಕ್ಕ.

ಮೊದಲ ಪರೀಕ್ಷೆ: ಆರ್‌.ಸಿ. ಪುಸ್ತಕ

ಮೋಟಾರು ವಾಹನ ಕಾಯ್ದೆ 1988ರ ಪ್ರಕಾರ ಖಾಸಗಿ ದ್ವಿಚಕ್ರ ವಾಹನದ ನೋಂದಣಿ 15 ವರ್ಷ ಊರ್ಜಿತ. ಬಳಿಕ ವಾಹನವನ್ನು ತಪಾಸಣೆಗೆ ಒಪ್ಪಿಸಿ, ಪ್ರತಿ ಐದು ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳಬೇಕು. ಅಂದರೆ 15 ವರ್ಷ ದಾಟಿದ ಮಾತ್ರಕ್ಕೆ ಬೈಕು ಗುಜರಿಯ ಪಾಲಾಗಬೇಕೆಂದಿಲ್ಲ. ಆದರೆ ನವೀಕರಣವಾಗದ ಬೈಕನ್ನು ರಸ್ತೆಗೆ ಇಳಿಸುವಂತಿಲ್ಲ.

ಖರ್ಚಿನ ಮೊದಲ ಪೆಟ್ಟು ಬೀಳುವುದು ಇಲ್ಲಿಯೇ. 2022ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಕೇಂದ್ರ ನಿಯಮ ಬೈಕುಗಳ ಮರುನೋಂದಣಿ ಶುಲ್ಕವನ್ನು 300 ರೂಪಾಯಿಯಿಂದ 1,000 ರೂಪಾಯಿಗೆ ಏರಿಸಿತು. ವಿಳಂಬವಾದ ಪ್ರತಿ ತಿಂಗಳಿಗೆ 300 ರೂಪಾಯಿ ಹೆಚ್ಚುವರಿ ಶುಲ್ಕವನ್ನೂ ವಿಧಿಸಿತು. ವರ್ಷಕ್ಕೆ ಇದು 3,600 ರೂಪಾಯಿ. 2025ರ ಆಗಸ್ಟ್‌ನಲ್ಲಿ ಹೊರಬಿದ್ದ ತಿದ್ದುಪಡಿಯಲ್ಲಿ, 20 ವರ್ಷ ಮೀರಿದ ಬೈಕುಗಳ ನವೀಕರಣ ಶುಲ್ಕ 2,000 ರೂಪಾಯಿಗೆ ನಿಗದಿಯಾಯಿತು. ಇದಲ್ಲದೆ ರಾಜ್ಯದ ಹಸಿರು ತೆರಿಗೆ ಬೇರೆ. ಆದ್ದರಿಂದ ನವೀಕರಣ ಯಾವಾಗ ಮುಗಿದಿದೆ, ಬಾಕಿ ಎಷ್ಟಾಗುತ್ತದೆ ಎಂಬುದನ್ನು ನೋಂದಣಿ ಇರುವ ಸಾರಿಗೆ ಕಚೇರಿಯಲ್ಲಿ ವಿಚಾರಿಸಿದ ನಂತರವೇ ಬೆಲೆಯ ಮಾತುಕತೆಗೆ ಕೂರುವುದು ಲೇಸು. ನಗರದ ಪಶ್ಚಿಮ ಭಾಗದವರಿಗೆ ರಾಜಾಜಿನಗರದ ಕಚೇರಿ (ಕೆಎ-02) ಹಾಗೂ ಕೆಂಗೇರಿ ಕಡೆಯವರಿಗೆ ಜ್ಞಾನಭಾರತಿ ಕಚೇರಿ (ಕೆಎ-41) ಇವೆ.

‘ಕೆಎ’ ಸರಣಿಗೂ ಹಿಂದಿನ, ‘ಎಂವೈ’ಯಂಥ ಅಕ್ಷರಗಳಿಂದ ಆರಂಭವಾಗುವ ಸಂಖ್ಯೆಯ ಬೈಕಾದರೆ ಇನ್ನಷ್ಟು ಎಚ್ಚರ ಬೇಕು. ಅದರ ವಿವರ ಸಾರಿಗೆ ಇಲಾಖೆಯ ‘ವಾಹನ್’ ಗಣಕ ದಾಖಲೆಯಲ್ಲಿ ಕಾಣದಿದ್ದರೆ, ಕಚೇರಿಯ ಹಳೆಯ ಕಡತದಿಂದ ಅದನ್ನು ಸೇರಿಸದೆ ಮುಂದಿನ ಕೆಲಸ ನಡೆಯುವುದಿಲ್ಲ. ನೋಂದಣಿಯೇ ರದ್ದಾಗಿದ್ದರಂತೂ ಅದು ಕೇವಲ ಬಿಡಿಭಾಗಗಳ ರಾಶಿ ಎಂದೇ ಪರಿಗಣಿಸಬೇಕು.

ಹೆಸರು ಬದಲಾಗದಿದ್ದರೆ?

ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕು. ಇದಕ್ಕೆ ನಮೂನೆ 29 ಮತ್ತು 30 ಬಳಸಲಾಗುತ್ತದೆ. ಹೊರರಾಜ್ಯದ ಬೈಕಿಗೆ ನಿರಾಕ್ಷೇಪಣಾ ಪತ್ರವೂ (ನಮೂನೆ 28) ಬೇಕು. ‘ಸಹಿ ಹಾಕಿದ ಖಾಲಿ ಫಾರಂ ಇದೆ, ಯಾವಾಗ ಬೇಕಾದರೂ ಮಾಡಿಸಿಕೊಳ್ಳಿ’ ಎಂಬ ಮಾತಿಗೆ ಮರುಳಾಗಬಾರದು. ದಾಖಲೆಯಲ್ಲಿರುವ ಮಾಲೀಕ ಬೇರೊಬ್ಬರಾಗಿ, ಬೈಕು ನಾಲ್ಕಾರು ಕೈ ಬದಲಾಗಿದ್ದರೆ ಆ ಸರಪಳಿಯನ್ನು ಜೋಡಿಸುವ ಹೊಣೆ ಕೊನೆಯವನ ತಲೆಗೆ ಬರುತ್ತದೆ.

ಮಾರುವವರಿಗೂ ಇದು ಅನ್ವಯ. ವಾಹನ ಎಷ್ಟೇ ಕೈ ಬದಲಾಗಿದ್ದರೂ ಅಪಘಾತ ಪರಿಹಾರದ ಹೊಣೆ ನೋಂದಾಯಿತ ಮಾಲೀಕನದೇ ಎಂದು ಸುಪ್ರೀಂ ಕೋರ್ಟ್ 2018ರ ಫೆಬ್ರುವರಿಯಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ತಂದೆಯ ಹೆಸರಿನಲ್ಲಿದ್ದ ಬೈಕನ್ನು ಅವರ ಕಾಲಾನಂತರ ಮಕ್ಕಳು ಉಳಿಸಿಕೊಳ್ಳುವುದಾದರೆ ನಮೂನೆ 31ರಲ್ಲಿ ಅರ್ಜಿ ಸಲ್ಲಿಸಬೇಕು. ಮರಣದ ವಿಷಯವನ್ನು 30 ದಿನದೊಳಗೆ ತಿಳಿಸಿ, ಮೂರು ತಿಂಗಳೊಳಗೆ ವರ್ಗಾವಣೆಗೆ ಅರ್ಜಿ ಹಾಕಬೇಕೆಂಬುದು ನಿಯಮ. ಮನೆಯವರ ನಡುವೆ ಒಪ್ಪಿಗೆ ಇರುವಾಗಲೇ ಇದನ್ನು ಮುಗಿಸಿಕೊಳ್ಳುವುದು ಜಾಣತನ.

ಎಂಜಿನ್ ಹೇಳುವ ಕಥೆ

ಬೈಕು ನೋಡಲು ಹಗಲು ಹೊತ್ತಿನಲ್ಲೇ ಹೋಗಿ. ಜತೆಗೆ ಟಾರ್ಚು ಮತ್ತು ಹಳೆ ಬಟ್ಟೆ ಇರಲಿ. ಗ್ರೀಸು ಒರೆಸಿ ಎಂಜಿನ್ ಹಾಗೂ ಚಾಸಿಸ್ ಸಂಖ್ಯೆಗಳನ್ನು ಆರ್‌.ಸಿ. ಜತೆ ಒಂದೊಂದು ಅಂಕಿಯನ್ನೂ ತಾಳೆ ನೋಡಬೇಕು. ಸಂಖ್ಯೆ ಉಜ್ಜಿದ ಗುರುತಿದ್ದರೆ, ಹೊಸದಾಗಿ ಪಂಚ್ ಮಾಡಿದಂತೆ ಕಂಡರೆ ಬೆಲೆ ಎಷ್ಟೇ ಕಡಿಮೆ ಇದ್ದರೂ ಕೈಬಿಡುವುದೊಂದೇ ದಾರಿ. ಕಳವಿನ ವಾಹನವೇ ಎಂಬುದನ್ನು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ‘ವಾಹನ್ ಸಮನ್ವಯ’ ವ್ಯವಸ್ಥೆಯಲ್ಲಿ ಪರಿಶೀಲಿಸಬಹುದು. ಎಂಜಿನ್ ಬದಲಾಗಿದ್ದರೆ ಅದು ಆರ್‌.ಸಿ.ಯಲ್ಲಿ ನಮೂದಾಗಿರಲೇಬೇಕು.

ತಾವು ಬರುವ ಮುನ್ನ ಎಂಜಿನ್ ಬಿಸಿ ಮಾಡದಂತೆ ಮಾರಾಟಗಾರರಿಗೆ ತಿಳಿಸಿ. ತಣ್ಣಗಿನ ಎಂಜಿನ್ ಎಷ್ಟು ಕಿಕ್ಕಿಗೆ ಚಾಲೂ ಆಗುತ್ತದೆ ಎಂಬುದೇ ಒಂದು ಪರೀಕ್ಷೆ. ಟು ಸ್ಟ್ರೋಕ್ ಎಂಜಿನ್ ಸ್ವಲ್ಪ ಹೊಗೆ ಬಿಡುವುದು ಸಹಜ. ಆದರೆ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಕ್ರ್ಯಾಂಕ್‌ನ ಆಯಿಲ್ ಸೀಲ್ ಸವೆದು ಗೇರ್ ಆಯಿಲ್ ಒಳಗೆ ಸುಡುತ್ತಿರುವ ಸಾಧ್ಯತೆ ಇದೆ. ಎಂಜಿನ್ ಪೂರ್ತಿ ಬಿಚ್ಚದೆ ಅದು ಸರಿಹೋಗದು. ಸಿಲಿಂಡರ್ ಈಗಾಗಲೇ ಎಷ್ಟು ಸಲ ಬೋರಿಂಗ್ ಆಗಿದೆ ಎಂದೂ ಕೇಳಬೇಕು. ಕೊನೆಯ ಅಳತೆಯ ಪಿಸ್ಟನ್ ಹಾಕಿಯಾಗಿದ್ದರೆ ಮುಂದೆ ಬೇರೆ ಸಿಲಿಂಡರನ್ನೇ ಹುಡುಕಬೇಕಾಗುತ್ತದೆ.

ಇನ್ನೊಂದು ಅಂಶವನ್ನು ಹೊಸಬರು ಗಮನಿಸುವುದಿಲ್ಲ: ಕೆಟ್ಟ ಭಾಗಕ್ಕಿಂತ ಇಲ್ಲದ ಭಾಗ ದುಬಾರಿ. ಕೆಟ್ಟದ್ದನ್ನು ಕಾಮಾಕ್ಷಿಪಾಳ್ಯದಂಥ ಕೈಗಾರಿಕಾ ಪ್ರದೇಶಗಳ ಲೇತ್, ಪ್ಲೇಟಿಂಗ್ ಘಟಕಗಳಲ್ಲಿ ಸರಿಪಡಿಸಬಹುದು. ಇಲ್ಲದ ಮೀಟರ್, ಟ್ಯಾಂಕಿನ ಲಾಂಛನ, ಮೂಲ ಕಾರ್ಬುರೇಟರ್, ಸೈಡ್ ಬಾಕ್ಸ್‌ಗಳಿಗಾಗಿ ಜೆ.ಸಿ. ರಸ್ತೆ, ಶಿವಾಜಿನಗರಗಳಲ್ಲಿ ತಿಂಗಳುಗಟ್ಟಲೆ ಹುಡುಕಬೇಕು. ಸಿಕ್ಕಿದಾಗ ಕೇಳಿದಷ್ಟು ಕೊಡಬೇಕು. ಹೀಗಾಗಿ ತುಕ್ಕು ಹಿಡಿದರೂ ಎಲ್ಲ ಭಾಗಗಳಿರುವ ಬೈಕು, ಹೊಳೆಯುವ ಬಣ್ಣ ಬಳಿದ ಅರೆಬರೆ ಬೈಕಿಗಿಂತ ಮೇಲು.

ಇಂಧನ, ವಿಮೆ, ಹೊಗೆ

2025ರ ವೇಳೆಗೆ ದೇಶದ ಪೆಟ್ರೋಲಿನಲ್ಲಿ ಎಥೆನಾಲ್ ಪ್ರಮಾಣ ಶೇ 20ಕ್ಕೆ ತಲುಪಿತು. ಹಳೆಯ ಬೈಕುಗಳ ರಬ್ಬರ್ ಪೈಪು, ವಾಷರ್‌ಗಳು ಇದಕ್ಕಾಗಿ ತಯಾರಾದವಲ್ಲ. ಎಥೆನಾಲ್ ತೇವ ಹೀರುವುದರಿಂದ ತಿಂಗಳುಗಟ್ಟಲೆ ನಿಂತ ಬೈಕಿನ ಟ್ಯಾಂಕಿಗೆ ತುಕ್ಕು ಬೇಗ ಹಿಡಿಯುತ್ತದೆ. ರಬ್ಬರ್ ಭಾಗಗಳ ಬದಲಾವಣೆ, ಟ್ಯಾಂಕಿನ ಒಳಲೇಪನವನ್ನು ಖರ್ಚಿನ ಪಟ್ಟಿಗೆ ಮೊದಲೇ ಸೇರಿಸಿಕೊಳ್ಳಿ.

ಮೂರನೇ ವ್ಯಕ್ತಿ ವಿಮೆ ಕಡ್ಡಾಯ. 150ರಿಂದ 350 ಸಿ.ಸಿ. ಬೈಕಿಗೆ 2022ರಲ್ಲಿ ನಿಗದಿಯಾದ ವಾರ್ಷಿಕ ಕಂತು 1,366 ರೂಪಾಯಿ. 2000ದ ಮಾರ್ಚ್‌ಗೆ ಮೊದಲು ತಯಾರಾದ ಬೈಕಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇ 4.5 ಮೀರುವಂತಿಲ್ಲ. ಕಾರ್ಬುರೇಟರ್ ಸರಿಯಾಗಿ ಹೊಂದಿಸಿದ, ಬೋರಿಂಗ್ ಚೆನ್ನಾಗಿರುವ ಎಂಜಿನ್ನಿಗೆ ಇದು ಅಸಾಧ್ಯವೇನಲ್ಲ.

50 ವರ್ಷ ದಾಟಿದ, ಮೂಲ ಸ್ವರೂಪ ಉಳಿಸಿಕೊಂಡ ವಾಹನಗಳಿಗೆ 2021ರ ಜುಲೈನಲ್ಲಿ ‘ವಿಂಟೇಜ್’ ನೋಂದಣಿ ಜಾರಿಗೆ ಬಂತು. ಹೊಸ ನೋಂದಣಿಗೆ 20,000, ಮರುನೋಂದಣಿಗೆ 5,000 ರೂಪಾಯಿ ಶುಲ್ಕ. ಆದರೆ ಈ ವಾಹನಗಳನ್ನು ಪ್ರದರ್ಶನ, ರ್‍ಯಾಲಿ, ದುರಸ್ತಿಯಂಥ ಉದ್ದೇಶಗಳಿಗೆ ಮಾತ್ರ ರಸ್ತೆಗೆ ತರಬಹುದು. ಕಚೇರಿಗೆ ನಿತ್ಯ ಓಡಿಸುವ ಆಸೆಯಿದ್ದವರಿಗೆ ಇದು ಸರಿಹೊಂದದು.

ಕೊನೆಯ ಲೆಕ್ಕ

ನಿರ್ಧಾರಕ್ಕೆ ಮುನ್ನ ಕಾಗದದ ಮೇಲೆ ನಾಲ್ಕು ಸಾಲು ಬರೆದುಕೊಳ್ಳಿ: ಬೈಕಿನ ಬೆಲೆ, ನೋಂದಣಿಯ ಬಾಕಿ, ಎಂಜಿನ್ ಕೆಲಸ, ಬಣ್ಣ ಮತ್ತು ಬಿಡಿಭಾಗ. ಎಂಜಿನ್ ಬಿಚ್ಚಿದ ಮೇಲೆ ಹೊಸ ತೊಂದರೆ ಕಾಣುವುದು ಸಾಮಾನ್ಯವಾದ್ದರಿಂದ ಒಂದಿಷ್ಟು ಹಣವನ್ನು ಬದಿಗಿಡಿ. ಹಾಕಿದ ಹಣ ಮಾರಿದಾಗ ಪೂರ್ತಿ ಮರಳುತ್ತದೆಂಬ ಭರವಸೆ ಇಲ್ಲ. ಲಾಭದ ಆಸೆಯಿಂದ ಕೊಳ್ಳುವುದಾದರೆ ಕೊಳ್ಳದಿರುವುದೇ ಒಳ್ಳೆಯದು. ಕಾಗದ ಶುದ್ಧವಾಗಿದ್ದು, ಭಾಗಗಳೆಲ್ಲ ಇದ್ದು, ಖರ್ಚನ್ನು ಸಾಲವಿಲ್ಲದೆ ಭರಿಸುವ ಶಕ್ತಿಯಿದ್ದರೆ ಮಾತ್ರ ಮುಂದುವರಿಯಿರಿ. ಅಪ್ಪನ ಬೈಕಾದರೆ ಲೆಕ್ಕ ತುಸು ಬೇರೆ. ಆದರೂ ಮೊದಲು ನೋಡಬೇಕಾದ್ದು ಆರ್‌.ಸಿ. ಪುಸ್ತಕವನ್ನೇ.