1946–47ರ ಮೈಸೂರು ಫುಟ್‌ಬಾಲ್ ತಂಡ

1946–47ರ ಮೈಸೂರು ಫುಟ್‌ಬಾಲ್ ತಂಡವು ಭಾರತದ ರಾಷ್ಟ್ರೀಯ ಫುಟ್‌ಬಾಲ್ ಚಾಂಪಿಯನ್‌ಷಿಪ್ ಆದ ಸಂತೋಷ್ ಟ್ರೋಫಿಯಲ್ಲಿ ಮೈಸೂರು ಸಂಸ್ಥಾನವನ್ನು ಪ್ರತಿನಿಧಿಸಿದ ತಂಡ. ಬೆಂಗಳೂರಿನಲ್ಲಿ ನಡೆದ ಅಂತಿಮ ಹಣಾಹಣಿಯಲ್ಲಿ ಬಂಗಾಳವನ್ನು ಮರುಪಂದ್ಯದಲ್ಲಿ 2–1 ಗೋಲುಗಳಿಂದ ಸೋಲಿಸಿ ಅದು ಮೊದಲ ಬಾರಿಗೆ ಪ್ರಶಸ್ತಿ ಗಳಿಸಿತು. ಈ ಟ್ರೋಫಿಯನ್ನು ಗೆದ್ದ ದಕ್ಷಿಣ ಭಾರತದ ಮೊದಲ ತಂಡವೂ ಇದೇ ಆಗಿದೆ.

ಹಿನ್ನೆಲೆ

ಬೆಂಗಳೂರಿನಲ್ಲಿ ಫುಟ್‌ಬಾಲ್ ಬೇರೂರಿದ್ದು ದಂಡು ಪ್ರದೇಶದಲ್ಲಿ. ಬ್ರಿಟಿಷ್ ಸೇನೆಯ ತುಕಡಿಗಳ ಆಟವನ್ನು ನೋಡಿ ಕಲಿತ ಸ್ಥಳೀಯ ಯುವಕರು ತಮ್ಮದೇ ತಂಡಗಳನ್ನು ಕಟ್ಟಿದರು. ಹಲಸೂರು, ಗೌತಮಪುರ, ಆಸ್ಟಿನ್ ಟೌನ್ ಮೊದಲಾದ ಬಡಾವಣೆಗಳು ಆಟಗಾರರ ತವರೆಂದು ಹೆಸರಾದವು. ಮುಂಬಯಿಯಲ್ಲಿ 1891ರಲ್ಲಿ ಆರಂಭವಾದ ರೋವರ್ಸ್ ಕಪ್ ದೀರ್ಘಕಾಲ ಬ್ರಿಟಿಷ್ ಸೇನಾ ತಂಡಗಳ ಪಾಲಾಗುತ್ತಿತ್ತು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡವು ಅದನ್ನು ಗೆದ್ದು ಆ ಪರಂಪರೆಯನ್ನು ಮುರಿಯಿತು. 1938ರಲ್ಲಿ ಅದೇ ಸಾಧನೆಯನ್ನು ಪುನರಾವರ್ತಿಸಿತು. ಹೀಗಾಗಿ 1946ರ ವೇಳೆಗೆ ಬೆಂಗಳೂರಿನ ಆಟಗಾರರಿಗೆ ದೊಡ್ಡ ಪಂದ್ಯಾವಳಿಗಳು ಹೊಸತಾಗಿರಲಿಲ್ಲ.

ಸಂತೋಷ್ ಟ್ರೋಫಿಯು 1941ರಲ್ಲಿ ಪ್ರಾರಂಭವಾಯಿತು. ಇಂಡಿಯನ್ ಫುಟ್‌ಬಾಲ್ ಅಸೋಸಿಯೇಷನ್ ತನ್ನ ಮಾಜಿ ಅಧ್ಯಕ್ಷರೂ ಪೂರ್ವ ಬಂಗಾಳದ ಸಂತೋಷ್ ಎಂಬ ಜಮೀನ್ದಾರಿಯ ಮಹಾರಾಜರೂ ಆಗಿದ್ದ ಮನ್ಮಥನಾಥ ರಾಯ್ ಚೌಧರಿಯವರ ನೆನಪಿಗಾಗಿ ಇದನ್ನು ನೀಡಿತು. ಹೆಸರಿನಲ್ಲಿರುವ 'ಸಂತೋಷ್' ಆ ಸ್ಥಳದ ಹೆಸರೇ ಹೊರತು ಹರ್ಷ ಎಂಬ ಅರ್ಥದ ಪದವಲ್ಲ.

ಪ್ರಾತಿನಿಧ್ಯದ ವ್ಯಾಪ್ತಿ

ಅಂದಿನ 'ಮೈಸೂರು' ಇಂದಿನ ಕರ್ನಾಟಕಕ್ಕಿಂತ ಬಹಳ ಚಿಕ್ಕದು. ಧಾರವಾಡ, ಬೆಳಗಾವಿ ಮುಂತಾದವು ಮುಂಬಯಿ ಪ್ರಾಂತ್ಯದಲ್ಲಿದ್ದವು. ಯಾದಗಿರಿ, ಶಹಾಪುರ, ಸುರಪುರಗಳೂ ಬೋನಾಳದಂತಹ ಹಳ್ಳಿಗಳೂ ನಿಜಾಮರ ಹೈದರಾಬಾದ್ ಸಂಸ್ಥಾನದ ಗುಲ್ಬರ್ಗಾ ಜಿಲ್ಲೆಗೆ ಸೇರಿದ್ದವು. 1956ರ ನವೆಂಬರ್ 1ರಂದು ರಾಜ್ಯ ಪುನರ್ವಿಂಗಡಣೆಯಾದ ಬಳಿಕವೇ ಈ ಪ್ರದೇಶಗಳು ಮೈಸೂರು ರಾಜ್ಯದ ಭಾಗವಾದವು. ಆದ್ದರಿಂದ 1946–47ರ ಗೆಲುವನ್ನು ಇಂದು ಕರ್ನಾಟಕದ ದಾಖಲೆಯಲ್ಲಿ ಎಣಿಸಿದರೂ, ಆಗ ಅದು ಕನ್ನಡನಾಡಿನ ಒಂದು ಭಾಗದ ಗೆಲುವಾಗಿತ್ತು.

ಪಂದ್ಯಾವಳಿ

ಯುದ್ಧಕಾಲದಲ್ಲಿ ಪಂದ್ಯಾವಳಿ ನಿಂತಿದ್ದರಿಂದ 1946–47ರದು ಅದರ ನಾಲ್ಕನೆಯ ಆವೃತ್ತಿಯಾಗಿತ್ತು. ಹಿಂದಿನ ಮೂರೂ ಆವೃತ್ತಿಗಳಲ್ಲಿ ಬಂಗಾಳ ಅಂತಿಮ ಪಂದ್ಯವನ್ನು ತಲುಪಿತ್ತು. 1941–42 ಮತ್ತು 1945–46ರಲ್ಲಿ ಪ್ರಶಸ್ತಿ ಪಡೆದು, 1944–45ರಲ್ಲಿ ದೆಹಲಿಗೆ ಮಣಿದಿತ್ತು. ಕಲ್ಕತ್ತೆಯ ಬಲಿಷ್ಠ ಕ್ಲಬ್‌ಗಳಿಂದ ಆಯ್ದ ಈ ತಂಡವೇ ಬೆಂಗಳೂರಿನಲ್ಲಿಯೂ ಮೈಸೂರಿಗೆ ಎದುರಾಯಿತು.

ಅಂತಿಮ ಪಂದ್ಯವು ಗೋಲಿಲ್ಲದೆ ಸಮಬಲದಲ್ಲಿ ಮುಗಿಯಿತು. ಸಮಬಲವಾದ ಪಂದ್ಯವನ್ನು ಪೆನಾಲ್ಟಿ ಒದೆತಗಳಿಂದ ತೀರ್ಮಾನಿಸುವ ಪದ್ಧತಿ ಆಗ ಇರಲಿಲ್ಲ. ಎರಡೂ ತಂಡಗಳು ಮತ್ತೊಮ್ಮೆ ಸೆಣಸಬೇಕಿತ್ತು. ಮರುಪಂದ್ಯವನ್ನು ಮೈಸೂರು 2–1ರಿಂದ ಗೆದ್ದಿತು. ಇದು ಸ್ವಾತಂತ್ರ್ಯಪೂರ್ವದ ಕೊನೆಯ ಸಂತೋಷ್ ಟ್ರೋಫಿಯಾಗಿದೆ.

ನಂತರದ ಬೆಳವಣಿಗೆ

1948ರ ಲಂಡನ್ ಒಲಿಂಪಿಕ್ಸ್‌ಗೆ ತೆರಳಿದ ಭಾರತ ತಂಡದಲ್ಲಿ ಮೈಸೂರಿನ ಗೋಲುರಕ್ಷಕ ಕೆ. ವಿ. ವರದರಾಜ್, ಸಾರಂಗಪಾಣಿ ರಾಮನ್, ಅಹ್ಮದ್ ಖಾನ್, ಧನರಾಜ್ ಹಾಗೂ ವಜ್ರವೇಲು ಸ್ಥಾನ ಪಡೆದರು. ತಂಡದ ನಾಯಕ, ಕಲ್ಕತ್ತೆಯಲ್ಲಿ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಯಾಗಿದ್ದ ತಾಲಿಮೆರೆನ್ ಆವೋ. ಜುಲೈ 31ರಂದು ಫ್ರಾನ್ಸ್ ವಿರುದ್ಧ ಬಹುಪಾಲು ಬರಿಗಾಲಿನಲ್ಲೇ ಆಡಿದ ಭಾರತ 2–1ರಿಂದ ಸೋತಿತು. ಎರಡು ಪೆನಾಲ್ಟಿ ಅವಕಾಶಗಳು ಕೈತಪ್ಪಿದ್ದು ದುಬಾರಿಯಾಯಿತು. 70ನೆಯ ನಿಮಿಷದಲ್ಲಿ ರಾಮನ್ ಹೊಡೆದ ಗೋಲು ಒಲಿಂಪಿಕ್ ಫುಟ್‌ಬಾಲ್‌ನಲ್ಲಿ ಭಾರತದ ಮೊದಲನೆಯದು.

ಆದರೆ ಪ್ರತಿಭೆಯನ್ನು ಉಳಿಸಿಕೊಳ್ಳುವುದು ಬೆಂಗಳೂರಿಗೆ ಸಾಧ್ಯವಾಗಲಿಲ್ಲ. ಅಹ್ಮದ್ ಖಾನ್ ಮತ್ತು ಧನರಾಜ್ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ ಸೇರಿ, ಅಲ್ಲಿ 'ಪಂಚ ಪಾಂಡವರು' ಎಂದು ಖ್ಯಾತರಾದ ಐವರು ಮುನ್ಪಡೆ ಆಟಗಾರರಲ್ಲಿ ಇಬ್ಬರಾದರು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯದ ಎದುರು 10–1ರಿಂದ ಸೋತ ಪಂದ್ಯದಲ್ಲಿ ಭಾರತದ ಏಕೈಕ ಗೋಲನ್ನು ಹೊಡೆದವರು ಅಹ್ಮದ್ ಖಾನ್. ಆ ಸೋಲಿನ ನಂತರ ಭಾರತದಲ್ಲಿ ಬೂಟು ಧರಿಸಿ ಆಡುವುದು ಕಡ್ಡಾಯವಾಯಿತು.

ಮೈಸೂರು ಮತ್ತು ಕರ್ನಾಟಕದ ಪ್ರಶಸ್ತಿಗಳು

1946–47: ಬಂಗಾಳದ ವಿರುದ್ಧ 0–0, 2–1 (ಬೆಂಗಳೂರು)
1952–53: ಬಂಗಾಳದ ವಿರುದ್ಧ 1–0 (ಬೆಂಗಳೂರು)
1967–68: ಬಂಗಾಳದ ವಿರುದ್ಧ 1–0 (ಕಟಕ್)
1968–69: ಬಂಗಾಳದ ವಿರುದ್ಧ 0–0, 1–0 (ಬೆಂಗಳೂರು)
2022–23: ಮೇಘಾಲಯದ ವಿರುದ್ಧ 3–2 (ರಿಯಾದ್)

ಮೈಸೂರು ಹೆಸರಿನಲ್ಲಿ ಬಂದ ನಾಲ್ಕೂ ಪ್ರಶಸ್ತಿಗಳು ಬಂಗಾಳವನ್ನು ಸೋಲಿಸಿ ಗಳಿಸಿದವು. 1973ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದ ಮೇಲೆ ಮೊದಲ ಪ್ರಶಸ್ತಿ ದೊರೆತದ್ದು 2023ರ ಮಾರ್ಚ್ 4ರಂದು.