ಒಂದು ಪ್ರಶ್ನೆ, ಎರಡು ಪರೀಕ್ಷೆ

ಉನ್ನತ ವ್ಯಾಸಂಗಕ್ಕೋ ಉದ್ಯೋಗಕ್ಕೋ ವಿದೇಶಕ್ಕೆ ಹೊರಡುವ ನಮ್ಮ ಯುವಜನರಲ್ಲಿ ಬಹುಮಂದಿ ಎದುರಿಸುವ ಐಇಎಲ್‌ಟಿಎಸ್ ಪರೀಕ್ಷೆಯಲ್ಲಿ ಮಾತಿನ ಭಾಗವೊಂದಿದೆ. ಅಲ್ಲಿ ಮೊದಲಿಗೆ ಬರುವ ಪ್ರಶ್ನೆಗಳು ಮೇಲ್ನೋಟಕ್ಕೆ ಬಹಳ ಸರಳ. ನಿಮ್ಮ ಊರು ಯಾವುದು, ಏನು ಓದುತ್ತಿದ್ದೀರಿ, ಯಾವ ಬಗೆಯ ಸಂಗೀತ ನಿಮಗೆ ಇಷ್ಟ? ಈ ಕೊನೆಯ ಪ್ರಶ್ನೆಗಂತೂ ಪಠ್ಯಪುಸ್ತಕವಿಲ್ಲ, ತಪ್ಪು ಉತ್ತರವೆಂಬುದೂ ಇಲ್ಲ. ಒಂದಾದರೂ ಹಾಡನ್ನು ಕೇಳದೆ ಬೆಳೆದವರು ಈ ನಾಡಿನಲ್ಲಿ ಸಿಗುವುದು ಕಷ್ಟ. ಹೀಗಿದ್ದೂ ಉನ್ನತ ಶ್ರೇಣಿಯಲ್ಲಿ ತೇರ್ಗಡೆಯಾದ ಪದವೀಧರರೇ ಇಲ್ಲಿ ತಡವರಿಸುತ್ತಾರೆ, ಇಲ್ಲವೇ ತಮ್ಮದಲ್ಲದ ಉತ್ತರವೊಂದನ್ನು ಒಪ್ಪಿಸಿ ಬರುತ್ತಾರೆ. ಇದನ್ನು ಕೇವಲ ಇಂಗ್ಲಿಷಿನ ಕೊರತೆ ಎಂದು ತಳ್ಳಿಹಾಕುವಂತಿಲ್ಲ.

ಪರೀಕ್ಷೆಯ ಸ್ವರೂಪವನ್ನು ಮೊದಲು ಗಮನಿಸಬೇಕು. ಮಾತಿನ ಭಾಗ ಒಟ್ಟು 11ರಿಂದ 14 ನಿಮಿಷಗಳದ್ದು. ಅದರಲ್ಲಿ ಮೂರು ಹಂತಗಳಿವೆ. ಮೊದಲ ನಾಲ್ಕೈದು ನಿಮಿಷ ಅಭ್ಯರ್ಥಿಯ ದೈನಂದಿನ ಬದುಕಿನ ಬಗೆಗಿನ ಪ್ರಶ್ನೆಗಳು. ಎರಡನೆಯ ಹಂತದಲ್ಲಿ ಒಂದು ಚೀಟಿಯ ಮೇಲೆ ವಿಷಯವನ್ನು ಬರೆದು ಕೊಡುತ್ತಾರೆ. ಒಂದು ನಿಮಿಷ ಯೋಚಿಸಿ, ಒಂದರಿಂದ ಎರಡು ನಿಮಿಷ ನಿರಂತರವಾಗಿ ಮಾತನಾಡಬೇಕು. ಮರೆಯಲಾಗದ ಹಾಡೊಂದರ ಬಗ್ಗೆ ಹೇಳಿ ಎಂಬಂಥ ವಿಷಯ ಇಲ್ಲಿ ಬರಬಹುದು. ಮೂರನೆಯ ಹಂತದಲ್ಲಿ ಅದೇ ವಿಷಯದ ಸುತ್ತ ಚರ್ಚೆ: ಹಿರಿಯರ ಮತ್ತು ಕಿರಿಯರ ಅಭಿರುಚಿ ಏಕೆ ಭಿನ್ನ, ಸಾಂಪ್ರದಾಯಿಕ ಸಂಗೀತವನ್ನು ಉಳಿಸಬೇಕೆ, ಇತ್ಯಾದಿ.

ಅಂಕಗಳನ್ನು ನಿರ್ಧರಿಸುವ ಮಾನದಂಡಗಳು ನಾಲ್ಕು. ಮಾತಿನ ಓಟ ಮತ್ತು ಸುಸಂಬದ್ಧತೆ, ಪದಸಂಪತ್ತು, ವ್ಯಾಕರಣದ ವೈವಿಧ್ಯ ಮತ್ತು ಶುದ್ಧಿ, ಉಚ್ಚಾರಣೆ. ನಾಲ್ಕಕ್ಕೂ ಸಮಾನ ತೂಕ. ಈ ಪಟ್ಟಿಯಲ್ಲಿ ಅಭಿರುಚಿಗೆ ಸ್ಥಾನವಿಲ್ಲ. ಬೀಥೋವನ್ ಇಷ್ಟವೆಂದವನಿಗೆ ಅರ್ಧ ಅಂಕ ಹೆಚ್ಚಿಲ್ಲ, ಭಜನೆ ಇಷ್ಟವೆಂದವಳಿಗೆ ಅರ್ಧ ಅಂಕ ಕಡಿಮೆಯಿಲ್ಲ. ಸಂಗೀತವೆಂದರೆ ತನಗಷ್ಟಾಗಿ ಆಸಕ್ತಿಯಿಲ್ಲ ಎಂದು ಹೇಳಿ, ಏಕೆ ಇಲ್ಲವೆಂಬುದನ್ನು ಒಪ್ಪವಾಗಿ ವಿವರಿಸಿದವನಿಗೂ ಪೂರ್ಣ ಅಂಕ ದೊರೆಯಬಹುದು. ಪರೀಕ್ಷಕನಿಗೆ ಬೇಕಾದದ್ದು ಮಾತಿನ ಮಾದರಿ. ಸಂಗೀತ ಅದಕ್ಕೊಂದು ನೆಪ ಮಾತ್ರ.

ಇಷ್ಟಾಗಿಯೂ ನಮ್ಮ ನಗರಗಳ ತರಬೇತಿ ಕೇಂದ್ರಗಳಲ್ಲಿ ಈ ಪ್ರಶ್ನೆಗೆ ಸಿದ್ಧ ಉತ್ತರಗಳು ತಯಾರಾಗುತ್ತವೆ. ಸಂಗೀತವು ಮನಸ್ಸಿಗೆ ಮುದ ನೀಡುತ್ತದೆ, ದಿನದ ಒತ್ತಡವನ್ನು ನಿವಾರಿಸುತ್ತದೆ, ತನಗೆ ಮಧುರವಾದ ಪಾಪ್ ಸಂಗೀತ ಅಚ್ಚುಮೆಚ್ಚು ಎಂಬ ಮೂರು ವಾಕ್ಯಗಳನ್ನು ಒಂದೆರಡು ಅಲಂಕಾರಿಕ ಪದಗಳೊಡನೆ ಬಾಯಿಪಾಠ ಮಾಡಿಸುತ್ತಾರೆ. ಹಾಸನದ ಹುಡುಗಿಯೂ ಹುಬ್ಬಳ್ಳಿಯ ಹುಡುಗನೂ ಇದನ್ನೇ ಹೇಳುತ್ತಾರೆ. ಪರೀಕ್ಷಕರು ಇಂಥ ಉತ್ತರಗಳನ್ನು ಗುರುತಿಸಲು ತರಬೇತಿ ಪಡೆದವರು. ಬಾಯಿಪಾಠದ ಮಾತಿನ ಲಯವೇ ಬೇರೆ. ಮುಂದಿನ ಪ್ರಶ್ನೆಗೆ ಅದೇ ಅಭ್ಯರ್ಥಿ ಸ್ವಂತವಾಗಿ ಉತ್ತರಿಸಬೇಕಾಗಿ ಬಂದಾಗ ಎರಡರ ನಡುವಿನ ಅಂತರ ಕೂಡಲೇ ಬಯಲಾಗುತ್ತದೆ.

ಹಾಗಾದರೆ ಸುಲಭವಾದ ಸತ್ಯವನ್ನು ಬಿಟ್ಟು ಕಷ್ಟದ ಸುಳ್ಳನ್ನು ಆರಿಸಿಕೊಳ್ಳುವುದೇಕೆ? ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಪಿಯರ್ ಬೂರ್ದ್ಯೂ 1960ರ ದಶಕದಲ್ಲಿ ತನ್ನ ದೇಶದ ಜನರ ಅಭಿರುಚಿಗಳ ಸಮೀಕ್ಷೆ ನಡೆಸಿದ. ಅದನ್ನು ಆಧರಿಸಿ 1979ರಲ್ಲಿ ಪ್ರಕಟವಾದ ಅವನ ‘ಡಿಸ್ಟಿಂಕ್ಷನ್’ ಗ್ರಂಥದ ಪ್ರಕಾರ, ವ್ಯಕ್ತಿಯ ವರ್ಗವನ್ನು ಸಂಗೀತದ ಅಭಿರುಚಿಯಷ್ಟು ಖಚಿತವಾಗಿ ಸೂಚಿಸುವುದು ಬೇರೊಂದಿಲ್ಲ. ಕಾರ್ಮಿಕರು ಸ್ಟ್ರಾಸ್‌ನ ‘ಬ್ಲೂ ಡ್ಯಾನ್ಯೂಬ್’ ಮೆಚ್ಚಿದರೆ, ಉನ್ನತ ಶಿಕ್ಷಣದ ಅಧ್ಯಾಪಕರು ಬಾಖ್‌ನ ಕೃತಿಯತ್ತ ಒಲಿದಿದ್ದರು. ನಮ್ಮಲ್ಲಿಯೂ ಇಂಥದೊಂದು ಏಣಿ ಇದೆ. ಶಾಸ್ತ್ರೀಯ ಸಂಗೀತವೆಂದರೆ ಸಂಸ್ಕಾರ, ಭಾವಗೀತೆಯೆಂದರೆ ಸದಭಿರುಚಿ, ಚಲನಚಿತ್ರ ಗೀತೆಯೆಂದರೆ ಸಾಮಾನ್ಯ, ಜಾನಪದವೆಂದರೆ ಹಳ್ಳಿ, ಇಂಗ್ಲಿಷ್ ಹಾಡೆಂದರೆ ಆಧುನಿಕತೆ. ಯಾರೂ ಬರೆದಿಡದಿದ್ದರೂ ಈ ಏಣಿ ಎಲ್ಲರಿಗೂ ಗೊತ್ತು.

ಆದ್ದರಿಂದ ಒಂದೇ ಪ್ರಶ್ನೆ ಎರಡು ಪರೀಕ್ಷೆಗಳಾಗಿ ಕೇಳಿಸುತ್ತದೆ. ಪರೀಕ್ಷಕ ಕೇಳುವುದು, ಇಂಗ್ಲಿಷಿನಲ್ಲಿ ಮಾತನಾಡಬಲ್ಲೆಯಾ ಎಂದು. ಅಭ್ಯರ್ಥಿಗೆ ಕೇಳಿಸುವುದು, ನೀನು ಯಾವ ಮನೆಯಿಂದ ಬಂದವನು ಎಂದು. ಮೊದಲನೆಯದಕ್ಕೆ ಉತ್ತರಿಸಬೇಕಾದವನು ಎರಡನೆಯದಕ್ಕೆ ಉತ್ತರಿಸುತ್ತಾನೆ.

ಅವನ ಸಂಶಯ ಪೂರ್ತಿ ನಿರಾಧಾರವೆಂದು ಹೇಳಲಾರೆ. ಸರ್ಕಾರಿ ಸೇವೆಯಲ್ಲಿದ್ದಾಗ ಹಲವು ನೇಮಕಾತಿ ಸಂದರ್ಶನಗಳನ್ನು ಹತ್ತಿರದಿಂದ ಕಂಡಿದ್ದೇನೆ. ಅರ್ಜಿಯ ಹವ್ಯಾಸದ ಅಂಕಣದಲ್ಲಿ ‘ಸಂಗೀತ ಕೇಳುವುದು’ ಎಂದು ಬರೆದವರೊಡನೆ ಮಂಡಳಿಯ ಸದಸ್ಯರು ಯಾವ ರಾಗ, ಯಾವ ಗಾಯಕ ಎಂದು ಬೆನ್ನು ಹತ್ತುತ್ತಿದ್ದರು. ಕಲ್ಯಾಣಿ, ತೋಡಿ ಎಂದವರತ್ತ ಮುಖಗಳು ಅರಳುತ್ತಿದ್ದವು. ಚಿತ್ರಗೀತೆ ಎಂದವರತ್ತ ಒಂದು ಸಣ್ಣ ನಗೆ ಹರಿಯುತ್ತಿತ್ತು. ನಮ್ಮ ಸಂದರ್ಶನಗಳು ವ್ಯಕ್ತಿತ್ವದ ಪರೀಕ್ಷೆಗಳಾದ್ದರಿಂದ ಅಲ್ಲಿ ಅಭಿರುಚಿಯೂ ತಕ್ಕಡಿಗೆ ಬೀಳುತ್ತಿತ್ತು. ಆ ಪರಂಪರೆಯಲ್ಲಿ ಬೆಳೆದ ಮಕ್ಕಳು ಭಾಷಾಪರೀಕ್ಷೆಯ ಕೋಣೆಗೂ ಅದೇ ಅಳುಕನ್ನು ಹೊತ್ತೊಯ್ದರೆ ಆಶ್ಚರ್ಯವೇನು?

ಅರ್ಥಶಾಸ್ತ್ರದಲ್ಲಿ ‘ಪ್ರಕಟಿತ ಆದ್ಯತೆ’ ಎಂಬ ಪರಿಕಲ್ಪನೆಯೊಂದಿದೆ. 1938ರಲ್ಲಿ ಪಾಲ್ ಸ್ಯಾಮುಯೆಲ್ಸನ್ ಮುಂದಿಟ್ಟ ವಿಚಾರ ಅದಕ್ಕೆ ಮೂಲ. ಗ್ರಾಹಕನ ಆದ್ಯತೆಯನ್ನು ಅವನ ಮನಸ್ಸಿನೊಳಗೆ ಹುಡುಕಬೇಕಾಗಿಲ್ಲ. ಅವನು ಕೊಳ್ಳುವುದನ್ನು ಗಮನಿಸಿದರೆ ಸಾಕು ಎಂಬುದು ಅದರ ಸಾರ. ಈ ಅಳತೆಯಿಂದ ನೋಡಿದರೆ ಅಭ್ಯರ್ಥಿಯ ಸಂಗೀತದ ಆದ್ಯತೆ ಅವನ ಜೇಬಿನೊಳಗಿನ ಫೋನಿನಲ್ಲಿದೆ. ಅಲ್ಲಿ ರಾಜ್‌ಕುಮಾರ್ ಹಾಡಿದ ಹಳೆಯ ಗೀತೆಗಳಿರಬಹುದು, ಸಿ. ಅಶ್ವತ್ಥ್ ಅವರ ಕಂಠದ ಶಿಶುನಾಳ ಶರೀಫರ ತತ್ತ್ವಪದಗಳಿರಬಹುದು, ಕಳೆದ ವಾರ ಬಿಡುಗಡೆಯಾದ ಚಿತ್ರದ ಅಬ್ಬರದ ಹಾಡೂ ಇರಬಹುದು. ಫೋನು ಹೇಳುವುದೊಂದು, ಬಾಯಿ ಹೇಳುವುದು ಇನ್ನೊಂದು. ಈ ವ್ಯತ್ಯಾಸಕ್ಕೆ ಬೆಲೆ ತೆರಬೇಕಾಗುವುದು ಎರಡನೆಯ ಹಂತದಲ್ಲಿ. ನಾವು ಕೇಳದ ಹಾಡಿನ ಬಗ್ಗೆ ಎರಡು ವಾಕ್ಯ ಹೇಳಬಹುದು, ಎರಡು ನಿಮಿಷ ಮಾತನಾಡುವುದು ಅಸಾಧ್ಯ.

ತದ್ವಿರುದ್ಧವಾಗಿ, ಸ್ವಂತ ಅನುಭವದ ಮಾತು ನಾಲ್ಕೂ ಮಾನದಂಡಗಳಿಗೆ ತಾನಾಗಿಯೇ ಒದಗುತ್ತದೆ. ಉಡುಪಿ ಕಡೆಯ ಅಭ್ಯರ್ಥಿಯೊಬ್ಬಳು ಯಕ್ಷಗಾನದ ಹಾಡುಗಾರಿಕೆ ತನಗಿಷ್ಟ ಎಂದಳೆಂದುಕೊಳ್ಳೋಣ. ‘ಭಾಗವತರು’ ಎಂಬುದಕ್ಕೆ ಇಂಗ್ಲಿಷಿನಲ್ಲಿ ಒಂಟಿ ಪದವಿಲ್ಲ. ರಂಗದ ಹಿಂಬದಿಯಲ್ಲಿ ಕುಳಿತು ಕಥೆಯನ್ನು ಹಾಡುತ್ತ ಇಡೀ ಆಟವನ್ನು ನಡೆಸುವ ಗಾಯಕ ಎಂದು ಅವಳು ವಿವರಿಸಬೇಕಾಗುತ್ತದೆ. ಇದನ್ನೇ ಅನೇಕರು ತೊಡಕೆಂದು ಭಾವಿಸಿ ವಿಷಯವನ್ನೇ ಕೈಬಿಡುತ್ತಾರೆ. ವಾಸ್ತವದಲ್ಲಿ ಹೀಗೆ ಗೊತ್ತಿಲ್ಲದ ಪದವನ್ನು ಗೊತ್ತಿರುವ ಪದಗಳಿಂದ ಸುತ್ತುವರಿದು ಹೇಳುವ ಸಾಮರ್ಥ್ಯಕ್ಕೆ ಪದಸಂಪತ್ತಿನ ಮಾನದಂಡದಲ್ಲೇ ಮನ್ನಣೆಯಿದೆ. ಧಾರವಾಡದ ಹುಡುಗ ಮಲ್ಲಿಕಾರ್ಜುನ ಮನ್ಸೂರರ ಖಯಾಲ್ ಬಗ್ಗೆ ಹೇಳುವಾಗ, ಎರಡು ಸಾಲಿನ ಸಾಹಿತ್ಯವನ್ನು ಗಾಯಕ ಬಹಳ ಹೊತ್ತು ಹೇಗೆ ಬೆಳೆಸುತ್ತಾನೆ ಎಂದು ಬಿಡಿಸಿ ಹೇಳಿದರೆ ಅದೂ ಇಂಥದೇ ಕೌಶಲ. ‘ರಾಗ’ ಎಂಬ ಪದ ಈಗಾಗಲೇ ಇಂಗ್ಲಿಷ್ ನಿಘಂಟುಗಳಲ್ಲಿದೆ. ಅದನ್ನು ಬಳಸಲು ಹಿಂಜರಿಯಬೇಕಾಗಿಲ್ಲ.

ವ್ಯಾಕರಣಕ್ಕೂ ಇದರಿಂದ ಲಾಭವುಂಟು. ‘ಸಂಗೀತ ಮುದ ನೀಡುತ್ತದೆ’ ಎಂಬ ಬಗೆಯ ವಾಕ್ಯಗಳೆಲ್ಲ ವರ್ತಮಾನ ಕಾಲದ ಒಂದೇ ಅಚ್ಚಿನವು. ಅಜ್ಜಿ ಮದುವೆ ಮನೆಗಳಲ್ಲಿ ಸೋಬಾನೆ ಹಾಡುತ್ತಿದ್ದಳು, ಆಗ ನನಗೆ ಅರ್ಥವಾಗುತ್ತಿರಲಿಲ್ಲ, ಬರೆದಿಟ್ಟುಕೊಂಡಿದ್ದರೆ ಇಂದು ಉಳಿಯುತ್ತಿತ್ತು ಎಂದು ಹೇಳಹೊರಟವಳಿಗೆ ಭೂತಕಾಲ, ರೂಢಿಯ ಕ್ರಿಯೆ, ನಡೆಯದೇ ಹೋದದ್ದರ ಊಹೆ ಎಲ್ಲವೂ ಬೇಕಾಗುತ್ತವೆ. ಅವಳು ನಡುವೆ ಕ್ಷಣಕಾಲ ನಿಂತರೂ ಚಿಂತೆಯಿಲ್ಲ. ಏನು ಹೇಳಲೆಂದು ಯೋಚಿಸಿ ನಿಲ್ಲುವುದು ಬೇರೆ, ಪದಕ್ಕಾಗಿ ತಡಕಾಡಿ ನಿಲ್ಲುವುದು ಬೇರೆ ಎಂಬ ವಿವೇಚನೆ ಮೌಲ್ಯಮಾಪನದ ಮೇಲಿನ ಶ್ರೇಣಿಗಳಲ್ಲಿ ಸ್ಪಷ್ಟವಾಗಿಯೇ ಇದೆ.

ಉಚ್ಚಾರಣೆಯ ವಿಷಯದಲ್ಲಿಯೂ ಭಯ ಅತಿಯಾಗಿದೆ. ಕನ್ನಡದ ಸೊಗಡು ಇರುವುದಕ್ಕಾಗಿಯೇ ಅಂಕ ಕಡಿತವಾಗುವುದಿಲ್ಲ. ಮಾತು ನಿರಾಯಾಸವಾಗಿ ಅರ್ಥವಾಗಬೇಕು, ಅಷ್ಟೆ. ಅಮೆರಿಕದವರ ಧಾಟಿಯನ್ನು ಅನುಕರಿಸುವುದಕ್ಕಿಂತ ನಮ್ಮ ಕೆಲವು ಅಭ್ಯಾಸಗಳನ್ನು ತಿದ್ದಿಕೊಳ್ಳುವುದು ಲೇಸು. ಕನ್ನಡದ ಪದಗಳು ಬಹುತೇಕ ಸ್ವರಾಂತವಾದ್ದರಿಂದ ‘ಸಾಂಗ್’ ಎಂಬುದು ನಮ್ಮ ಬಾಯಲ್ಲಿ ‘ಸಾಂಗು’ ಆಗುತ್ತದೆ. ಇಂಗ್ಲಿಷಿನಲ್ಲಿ ‘ಮ್ಯೂಸಿಕ್’ ಎನ್ನುವಾಗ ಒತ್ತು ಮೊದಲ ಅಕ್ಷರದ ಮೇಲೆ, ‘ಮ್ಯುಸಿಶಿಯನ್’ ಎನ್ನುವಾಗ ಎರಡನೆಯದರ ಮೇಲೆ. ಇಂಥ ಸಂಗತಿಗಳನ್ನು ಕೆಲವೇ ವಾರಗಳ ಅಭ್ಯಾಸದಿಂದ ಸರಿಪಡಿಸಬಹುದು.

ಪ್ರಶ್ನೆಯಲ್ಲಿಯೂ ಒಂದು ಓರೆಯಿದೆ ಎಂಬುದನ್ನು ಒಪ್ಪಬೇಕು. ‘ಯಾವುದು ಇಷ್ಟ’ ಎಂದು ಕೇಳುವವರು ಬಿಡುವನ್ನೂ ಆಯ್ಕೆಯನ್ನೂ ಊಹಿಸಿಕೊಂಡಿರುತ್ತಾರೆ. ಬೀಸುವಾಗ, ನಾಟಿ ಮಾಡುವಾಗ, ಮಗುವನ್ನು ತೂಗುವಾಗ ಹಾಡಿದವರಿಗೆ ಹಾಡು ಕೆಲಸದ ಭಾಗವಾಗಿತ್ತೇ ಹೊರತು ಕೊಂಡು ಅನುಭವಿಸುವ ಸರಕಾಗಿರಲಿಲ್ಲ. ಅಂಥ ಮನೆಯ ಮೊದಲ ಪದವೀಧರೆಗೆ ಈ ಪ್ರಶ್ನೆ ಪರಕೀಯವೆನಿಸಿದರೆ ಅದು ಅವಳ ದೋಷವಲ್ಲ. ಆದರೆ ಆ ಪರಕೀಯತೆಯನ್ನೇ ಅವಳು ಉತ್ತರವಾಗಿಸಿಕೊಳ್ಳಬಹುದು. ನಮ್ಮ ಮನೆಯಲ್ಲಿ ಯಾರೂ ಸಂಗೀತ ಕೇಳುತ್ತಿರಲಿಲ್ಲ, ಎಲ್ಲರೂ ಹಾಡುತ್ತಿದ್ದರು ಎಂಬ ಮಾತಿನಿಂದ ಆರಂಭವಾಗುವ ಉತ್ತರಕ್ಕೆ ಯಾವ ಕೈಪಿಡಿಯೂ ಸಾಟಿಯಾಗಲಾರದು.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟೊಂದು ಚರ್ಚೆ ಬೇಕೆ ಎಂದು ಓದುಗರು ಕೇಳಬಹುದು. ಬ್ರಿಟನ್ನಿನಲ್ಲಿ ದಾದಿಯಾಗಿ ನೋಂದಾಯಿಸಿಕೊಳ್ಳಲು ಈ ಪರೀಕ್ಷೆಯ ಮೂಲಕ ಹೋಗುವವರು ಮಾತಿನ ಭಾಗದಲ್ಲಿ ಕನಿಷ್ಠ 7 ಬ್ಯಾಂಡ್ ಪಡೆಯಬೇಕು. ಆರೂವರೆ ಬಂದರೆ ಆ ಫಲಿತಾಂಶ ಸಾಲದು. ಮತ್ತೆ ಶುಲ್ಕ, ಮತ್ತೆ ಕಾಯುವಿಕೆ. ಮಗಳ ನರ್ಸಿಂಗ್ ಶಿಕ್ಷಣಕ್ಕೆಂದು ಸಾಲ ಮಾಡಿದ ಕುಟುಂಬಕ್ಕೆ ಈ ಅರ್ಧ ಬ್ಯಾಂಡ್ ಸಣ್ಣದೇನಲ್ಲ. ಅದಕ್ಕಿಂತ ಮುಖ್ಯವಾಗಿ, ಹೇಗೋ ದಾಟಿಹೋದರೂ ಮುಂದೆ ಆಸ್ಪತ್ರೆಯ ವಾರ್ಡಿನಲ್ಲಿ ಮುದುಕರೊಬ್ಬರು ನಿಮ್ಮೂರಿನಲ್ಲಿ ಎಂಥ ಹಾಡು ಹಾಡುತ್ತೀರಿ ಎಂದು ಕೇಳಿದಾಗ ಬಾಯಿಪಾಠದ ಉತ್ತರ ಒದಗುವುದಿಲ್ಲ. ಪರದೇಶದಲ್ಲಿ ಸ್ನೇಹ ಹುಟ್ಟುವುದೇ ಇಂಥ ಮಾತುಗಳಿಂದ.

ಸಮಸ್ಯೆಯ ಬೇರು ನಮ್ಮ ಶಾಲೆಗಳಲ್ಲಿದೆ. ರಾಜ್ಯದ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಕಲಿಸಲು ಆರಂಭಿಸಿದ್ದು 2007ರಲ್ಲಿ. ಆದರೆ ಕಲಿಕೆಯನ್ನು ನಾವು ಇಂದಿಗೂ ಅಳೆಯುವುದು ಮುಖ್ಯವಾಗಿ ಬರವಣಿಗೆಯಿಂದ. ಇಂಗ್ಲಿಷ್ ಹಾಗಿರಲಿ, ಕನ್ನಡದಲ್ಲಿಯಾದರೂ ನಮ್ಮ ಮಕ್ಕಳಿಗೆ ತಮ್ಮ ಇಷ್ಟವನ್ನು ಕಾರಣಸಹಿತವಾಗಿ ಹೇಳುವ ಅಭ್ಯಾಸ ಮಾಡಿಸಿದ್ದೇವೆಯೇ? ‘ನನ್ನ ಮೆಚ್ಚಿನ ಹವ್ಯಾಸ’ ಎಂಬ ಪ್ರಬಂಧವನ್ನೂ ಗೈಡಿನಿಂದ ನಕಲು ಮಾಡಿಸುವ ವ್ಯವಸ್ಥೆ ನಮ್ಮದು. ಕನ್ನಡದಲ್ಲಿ ಹೇಳಲು ಕಲಿಯದ ಅನುಭವ ಇಂಗ್ಲಿಷಿನಲ್ಲಿ ದಿಢೀರನೆ ಮೂಡಿಬರುವುದಿಲ್ಲ.

ಇದಕ್ಕೆ ದೊಡ್ಡ ಯೋಜನೆಗಳಾಗಲೀ ಅನುದಾನಗಳಾಗಲೀ ಬೇಕಾಗಿಲ್ಲ. ವಾರಕ್ಕೊಂದು ತರಗತಿಯಲ್ಲಿ ನಾಲ್ಕು ಮಕ್ಕಳು ತಮ್ಮ ಮನೆಯಲ್ಲಿ ಕೇಳುವ ಹಾಡೊಂದರ ಬಗ್ಗೆ ಎರಡೆರಡು ನಿಮಿಷ ಮಾತನಾಡಲಿ, ಮೊದಲು ಕನ್ನಡದಲ್ಲಿ, ನಂತರ ತಿಳಿದಷ್ಟು ಇಂಗ್ಲಿಷಿನಲ್ಲಿ. ಯಾವ ಹಾಡನ್ನೂ ಕೀಳೆಂದು ಶಿಕ್ಷಕರು ನಗದಿರಲಿ. ಪರೀಕ್ಷೆಗೆ ಕೂರುವ ಯುವಕರು ದಿನಕ್ಕೊಮ್ಮೆ ಫೋನಿನಲ್ಲಿ ತಮ್ಮದೇ ಮಾತನ್ನು ಧ್ವನಿಮುದ್ರಿಸಿ ಕೇಳಿಕೊಳ್ಳಲಿ. ತರಬೇತಿ ಕೇಂದ್ರಕ್ಕೆ ಹಣ ತೆರುವ ಪೋಷಕರು, ಅಲ್ಲಿ ಉತ್ತರಗಳನ್ನು ಬರೆಸುತ್ತಾರೋ ಮಾತನಾಡಿಸುತ್ತಾರೋ ಎಂದು ಮೊದಲೇ ವಿಚಾರಿಸಲಿ. ಬರೆಸುವಲ್ಲಿ ತೆತ್ತ ಹಣ ಮಕ್ಕಳ ಬಾಯಿಯನ್ನು ಇನ್ನಷ್ಟು ಕಟ್ಟುವುದಕ್ಕಷ್ಟೇ ವಿನಿಯೋಗವಾಗುತ್ತದೆ.