ಗುಂಡು ತೆಗೆದರೆ ಮುಗಿಯಲಿಲ್ಲ

1799ರ ಮೇ 4ರ ರಾತ್ರಿ. ಶ್ರೀರಂಗಪಟ್ಟಣದ ಕೋಟೆಬಾಗಿಲಲ್ಲಿ ಹೆಣಗಳ ರಾಶಿಯ ನಡುವೆ ಟಿಪ್ಪುವಿನ ದೇಹ ಸಿಕ್ಕಿತು. ಮೈಮೇಲಿನ ಗಾಯಗಳಲ್ಲದೆ ತಲೆಗೂ ಒಂದು ಗುಂಡೇಟು. ಬಲಗಿವಿಯ ತುಸು ಮೇಲೆ ಹೊಕ್ಕ ಗುಂಡು ಕೆನ್ನೆಯಲ್ಲಿ ಕೂತಿತ್ತು. ಗೆದ್ದ ಈಸ್ಟ್ ಇಂಡಿಯಾ ಕಂಪನಿಯ ಮದರಾಸಿನ ದಂಡಿನಲ್ಲಿ ಶಸ್ತ್ರವೈದ್ಯರೂ ಇದ್ದರು. ಅಂಥ ಏಟು ತಿಂದವನಿಗೆ ಇನ್ನೂ ಉಸಿರಿದ್ದರೆ ಅವರ ಕೈಲಿ ಏನಾಗುತ್ತಿತ್ತು?

ಅವರ ವಿದ್ಯೆಯೆಲ್ಲ ಒಂದು ಪೆಟ್ಟಿಗೆಯಲ್ಲಿತ್ತು. ಈಸ್ಟ್ ಇಂಡಿಯಾ ಕಂಪನಿಯ ಮೊದಲ ಮುಖ್ಯ ಶಸ್ತ್ರವೈದ್ಯ ಜಾನ್ ವುಡಾಲ್, ಹಡಗಿನ ವೈದ್ಯರ ಪೆಟ್ಟಿಗೆಯಲ್ಲಿ ಏನೇನಿರಬೇಕೆಂದು 1617ರಲ್ಲಿ ಪುಸ್ತಕವನ್ನೇ ಬರೆದಿದ್ದ. ಅದರಲ್ಲಿ ತಲೆಬುರುಡೆ ಕೊರೆಯುವ ಬೈರಿಗೆಗೂ ಜಾಗವಿತ್ತು, ಹೆಸರು ಟ್ರೆಫೈನ್. ಕೂದಲು ಬೋಳಿಸಿ, ನೆತ್ತಿಯ ಚರ್ಮ ಸೀಳಿ ಬಿಡಿಸಿದ ಮೇಲೆ ಅದನ್ನು ಮೂಳೆಗೆ ಊರುತ್ತಿದ್ದರು. ನಡುವಿನ ಮೊಳೆ ಮೊದಲು ಕಚ್ಚಿಕೊಳ್ಳಬೇಕು. ಸುತ್ತಲಿನ ಹಲ್ಲುಗಳು ಗೆರೆ ಕೊರೆದ ಕೂಡಲೇ ಮೊಳೆ ತೆಗೆಯಬೇಕು, ಇಲ್ಲವಾದರೆ ಅದು ಮಿದುಳಿಗೇ ಇಳಿದೀತು. ಆಮೇಲೆ ಮಣಿಕಟ್ಟನ್ನು ಅತ್ತಿತ್ತ ತಿರುಗಿಸುತ್ತ, ನಡುನಡುವೆ ನಿಲ್ಲಿಸಿ ಹಲ್ಲಿಗಂಟಿದ ಮೂಳೆಪುಡಿ ಕೊಡವುತ್ತ ಕೊರೆದರೆ ಬಿಲ್ಲೆಯಂತೆ ಒಂದು ತುಂಡು ಎದ್ದುಬರುತ್ತಿತ್ತು. ಒಳಗೆ ಕಟ್ಟಿದ ರಕ್ತಕ್ಕೆ ದಾರಿಯಾಗುತ್ತಿತ್ತು, ಕುಸಿದ ಮೂಳೆಯನ್ನು ಮೀಟಿ ಎತ್ತಬಹುದಿತ್ತು. ಅರಿವಳಿಕೆಯ ಮಾತೇ ಇಲ್ಲ. ಈಥರ್ ಬಳಕೆಗೆ ಬಂದದ್ದು 1846ರಲ್ಲಿ.

ಒತ್ತಡ ಇಳಿಸಲು ಈ ಉಪಾಯ ಸರಿಯೇ. ಗುಂಡಿನ ವಿಷಯದಲ್ಲೇ ಎಡವಿದ್ದು. ಕೋವಿಮದ್ದು ಗಾಯಕ್ಕೆ ವಿಷ ಹಾಯಿಸುತ್ತದೆಂದು ನಂಬಿ ಯುರೋಪಿನವರು ಕುದಿಯುವ ಎಣ್ಣೆ ಸುರಿಯುತ್ತಿದ್ದರು. 1530ರ ದಶಕದ ಇಟಲಿ ಯುದ್ಧವೊಂದರಲ್ಲಿ ಎಣ್ಣೆ ಮುಗಿದುಹೋಯಿತು. ಫ್ರೆಂಚ್ ಶಸ್ತ್ರವೈದ್ಯ ಆಂಬ್ರ್ವಾಜ್ ಪಾರೆ ವಿಧಿಯಿಲ್ಲದೆ ಮೊಟ್ಟೆಯ ಹಳದಿ, ಗುಲಾಬಿ ಎಣ್ಣೆ, ಟರ್ಪೆಂಟೈನ್ ಕಲಸಿ ಹಚ್ಚಿದ. ಬೆಳಗ್ಗೆ ನೋಡಿದರೆ ಎಣ್ಣೆ ಬಿದ್ದವರು ನೋವಿನಲ್ಲಿ ನರಳುತ್ತಿದ್ದರು, ಇವರು ನೆಮ್ಮದಿಯಾಗಿದ್ದರು. ಎಣ್ಣೆ ಹೋಯಿತಾದರೂ ಗುಂಡು ಹುಡುಕುವ ಹಟ ಹೋಗಲಿಲ್ಲ. ತೊಳೆಯದ ಬೆರಳೇ ಗಾಯದೊಳಗೆ ಇಳಿಯುತ್ತಿತ್ತು, ಅದರ ಜೊತೆಗೆ ನಂಜೂ.

ಮದರಾಸಿನಲ್ಲಿ ಆಸ್ಪತ್ರೆ ಹುಟ್ಟಿದ್ದೂ ಸಿಪಾಯಿಗಳಿಗಾಗಿಯೇ. 1664ರ ನವೆಂಬರ್ 16ರಂದು ಸೇಂಟ್ ಜಾರ್ಜ್ ಕೋಟೆಯಲ್ಲಿ ಶುರುವಾದದ್ದು 1772ರಲ್ಲಿ ಈಗಿನ ಜಾಗಕ್ಕೆ ಬಂತು. ಸೆಂಟ್ರಲ್ ಸ್ಟೇಷನ್ನಿನ ಎದುರಿಗಿರುವ ಜನರಲ್ ಆಸ್ಪತ್ರೆ ಅದೇ.

ಆಸ್ಪತ್ರೆ ಬಂದರೂ, ಕೊಲ್ಲುವುದು ಗುಂಡೊಂದೇ ಅಲ್ಲ, ಅದರ ಜೊತೆ ಒಳನುಗ್ಗುವ ಕೂದಲು, ಕೊಳೆ, ಮೂಳೆಚೂರು ಕೂಡ ಎಂಬುದು ಪೂರಾ ಮನದಟ್ಟಾಗಲು ಮೊದಲ ಮಹಾಯುದ್ಧವೇ ಬರಬೇಕಾಯಿತು. 1917ರಲ್ಲಿ ಅಮೆರಿಕದ ಹಾರ್ವೆ ಕುಷಿಂಗ್, ಮೆತ್ತನೆಯ ರಬ್ಬರ್ ನಳಿಕೆಯಿಂದ ಸತ್ತ ಮಿದುಳಂಶವನ್ನು ಹೀರಿ, ಚೂರುಗಳನ್ನು ತೆಗೆದು, ನೆತ್ತಿಯನ್ನು ಬಿಗಿಯಾಗಿ ಹೊಲಿದರು. ಅವರ ತಂಡದಲ್ಲಿ ಮೂರೇ ತಿಂಗಳಿಗೆ ಸಾವಿನ ಪ್ರಮಾಣ ಶೇ 54ರ ಆಸುಪಾಸಿನಿಂದ 29ಕ್ಕೆ ಇಳಿಯಿತು.

ಆ ವಿದ್ಯೆ ಮದರಾಸಿಗೆ ಬಂದದ್ದು ಯುದ್ಧದ ಹಂಗಿಲ್ಲದೆ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಕಲಿತು ಬಂದ ಡಾ. ಬಿ. ರಾಮಮೂರ್ತಿ 1950ರಲ್ಲಿ ಜನರಲ್ ಆಸ್ಪತ್ರೆಯಲ್ಲಿ ನರಶಸ್ತ್ರಚಿಕಿತ್ಸೆ ಆರಂಭಿಸಿದರು. ಅದಕ್ಕೆ ವರ್ಷ ಮೊದಲು ವೆಲ್ಲೂರಿನಲ್ಲಿ ಡಾ. ಜೇಕಬ್ ಚಾಂಡಿ ದೇಶಕ್ಕೇ ನಾಂದಿ ಹಾಡಿದ್ದರು. 1967ರ ಜನವರಿ 12ರಂದು ನಟ ಎಂ.ಆರ್. ರಾಧಾ ಹಾರಿಸಿದ ಗುಂಡು ತಮಿಳು ನಟ, ರಾಜಕಾರಣಿ ಎಂಜಿಆರ್ ಅವರ ಎಡಗಿವಿಯ ಬಳಿ ಹೊಕ್ಕು ಕುತ್ತಿಗೆಗೆ ಇಳಿದಾಗ ಮದರಾಸಿನ ಆಸ್ಪತ್ರೆಗಳು ಜೀವ ಉಳಿಸಿದವು. ಆ ಕಿವಿ ಮಂದವಾಯಿತು, ದನಿ ಬದಲಾಯಿತು; ಕುತ್ತಿಗೆಗೆ ಪಟ್ಟಿ ಸುತ್ತಿದ ಭಾವಚಿತ್ರದ ಪೋಸ್ಟರಿನಲ್ಲೇ ಅವರು ಚುನಾವಣೆಯನ್ನೂ ಗೆದ್ದರು.

ಇವತ್ತು ಚೆನ್ನೈನಲ್ಲಿ ತಲೆಗೆ ಪೆಟ್ಟಾಗಿ ಬರುವವರಲ್ಲಿ ಗುಂಡೇಟಿನವರು ಅಪರೂಪ, ಬೈಕಿನಿಂದ ಬಿದ್ದವರೇ ಬಹಳ. ಅವರ ಬುರುಡೆಯೊಳಗೂ ರಕ್ತ ಕಟ್ಟುತ್ತದೆ, ಒತ್ತಡ ಏರುತ್ತದೆ. ಬೈರಿಗೆಗೆ ಕರೆಂಟು ಬಂದಿದೆ, ಕೆಲಸ ವುಡಾಲ್ ಕಾಲದ್ದೇ. ಕೋವಿಯ ಬಾಯಿಗೆ ಸಿಕ್ಕವರಿಂದ ಕಲಿತ ಪಾಠ ಹೆಲ್ಮೆಟ್ಟಿಲ್ಲದೆ ಹೊರಟವರನ್ನು ಉಳಿಸುತ್ತಿದೆ.